ರಾಣಿಯ ಅಳು

ಅಣ್ಣಾ,

ಇವತ್ತು ತಂಗಿ ಪರೀಕ್ಷೆಗೆ ಗಟ್ಟಿಯಾಗಿ ಓದುತ್ತಿದ್ದಳು. ಹಳೆಯ ನಾಟಕದಲ್ಲಿ ರಾಣಿ ಸತ್ತ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಪುಟಗಟ್ಟಲೆ ಅಳುತ್ತಾಳೆ. ಯುದ್ಧದ ಪದ್ಯದಲ್ಲಿ ಸೈನಿಕನ ತಾಯಿ ಸುಮ್ಮನೆ ಅವನ ಅಂಗಿ ಮಡಚುತ್ತಾಳೆ. ಇಬ್ಬರ ದುಃಖವನ್ನೂ ಹೋಲಿಸಬೇಕಂತೆ.

"ನೀನೇನಂತೀಯ, ಶಾಲೆ ಬಿಟ್ಟ ಪಂಡಿತ?" ಎಂದಳು.

"ರಾಣಿದು ಅತಿಯಾಯ್ತು. ಪದ್ಯಾನೇ ನಿಜ," ಎಂದೆ.

ತರಕಾರಿ ಹೆಚ್ಚುತ್ತಿದ್ದ ಅಮ್ಮ ತಲೆಯೆತ್ತದೆ, "ಅವಳಿಗೆ ಅಳೋಕೆ ಮಗನ ಮೈಯಾದ್ರೂ ಸಿಕ್ತಲ್ಲೋ," ಎಂದಳು.

ಯುದ್ಧದಿಂದ ನಿನ್ನ ಬಟ್ಟೆಯ ಟ್ರಂಕ್ ಮಾತ್ರ ಬಂದ ದಿನವೂ ಅಮ್ಮ ಅತ್ತಿರಲಿಲ್ಲ.

"ರಾಣಿದು ಇನ್ನೊಂದ್ಸಲ ಓದೇ," ಎಂದಳು.

ತಂಗಿ ಓದಿದಳು. ಅಮ್ಮ ಚಾಕು ಕೆಳಗಿಟ್ಟು ರಾಣಿಯ ಜೊತೆಗೇ ಅತ್ತಳು. ಓದು ಮುಗಿದರೂ ಅಳು ನಿಲ್ಲಲಿಲ್ಲ. ಅವಳನ್ನು ಸಮಾಧಾನ ಮಾಡುವುದು ನಿನಗೆ ಬರುತ್ತಿತ್ತು, ನನಗೆ ಬರುವುದಿಲ್ಲ.