ಹೆಚ್ಚಾಗ್ಯಾವ

ಸಕ್ಕೂ,

ಇವತ್ತ ಮುಂಜಾನೆ ಸೊಸಿ ಶಾಂಭವಿ ಅಡಗಿಮನಿಯಿಂದ ಕೂಗಿದ್ಲು, "ಅತ್ತೀ, ಜ್ವಾಳ ಹೆಚ್ಚಾಗ್ಯಾವ್ರಿ." ಕೇಳಿದ ಕೂಡ್ಲೇ ಚೀಲ ಹಿಡಕೊಂಡು ಎದ್ದೆ. ಕಾಳು ಮುಗದಾವ ಅನ್ನಬಾರ್ದು, ಹೆಚ್ಚಾಗ್ಯಾವ ಅನ್ನಬೇಕಂತ ನಮ್ಮವ್ವನೂ ಕಲಿಸ್ಯಾಳ, ನಿಮ್ಮವ್ವನೂ ಕಲಿಸ್ಯಾಳ.

ಲಾಕ್‌ಡೌನಿನ್ಯಾಗ ನೀನೂ ಗ್ವಾಡಿ ಆಚಿಂದ ಇದನ್ನೇ ಅಂದಿದ್ದಿ, "ಸುಭದ್ರಾ, ಜ್ವಾಳ ಹೆಚ್ಚಾಗ್ಯಾವ ಬೇ." ಆಗ ನಾ ಏಳಲಿಲ್ಲ. ಆಳಂದ ಬಜಾರ ಬಂದ್ ಇತ್ತು, ಜ್ವಾಳದ ರೇಟು ದಿನಾ ಏರಾಕತ್ತಿತ್ತು, ಯಾರ್ ಯಾರೋ ಮಾಲು ಮುಚ್ಚಿಟ್ಟಾರಂತ ಊರ ತುಂಬ ಸುದ್ದಿ. ನಿನ್ನ ಗಂಡ ಮಾಳಿಂಗ ಕೌದಿ ಮುಚ್ಚಿ ಎರಡು ಚೀಲ ಒಳಗ ಒಯ್ದದ್ದನ್ನ ನಾನೇ ಕಂಡಿದ್ದೆ. ಅವತ್ತಿಂದ ನಿಮ್ಮ ಒಲಿ ಹೊಗಿ ನೋಡತಿದ್ದೆ, ರೊಟ್ಟಿ ಬಡಿಯೋ ಸಪ್ಪಳಕ್ಕ ಕಿವಿ ಇಡತಿದ್ದೆ.

ನೀ ಹಂಗ ಅಂದ ಮೂರನೇ ದಿನ ಯಾರೋ ದೂರದ ಊರವ್ರು ಜ್ವಾಳದ ಕಿಟ್ ಹಂಚಾಕ ಬಂದ್ರು. ನಿಮ್ಮ ಬಾಗ್ಲಿಗೆ ಹೊಂಟವ್ರಿಗೆ ನಾನೇ ಅಂದೆ, "ಆ ಮನ್ಯಾಗ ಜ್ವಾಳ ಹೆಚ್ಚಾಗ್ಯಾವಂತ್ರಿ." ಅವ್ರಿಗೆ ನಮ್ಮ ಮಾತಿನ ರೀತಿ ಏನು ಗೊತ್ತು? ಮುಂದಿನ ಮನಿಗೆ ಹೋದ್ರು. ನೀ ಕಟ್ಟಿ ಮ್ಯಾಲೆ ನಿಂತು ಕೇಳಾಕತ್ತಿದ್ದಿ. ಆಮ್ಯಾಲೆ ಒಮ್ಮೆನೂ ನನ್ನ ಕರೀಲಿಲ್ಲ. ಮರುವರ್ಷ ಕೊರೊನಾದ ಎರಡನೇ ಅಲಿಯೊಳಗ ಹೋಗೇಬಿಟ್ಟಿ.

ನಾ ಸುಳ್ಳು ಹೇಳಿಲ್ಲ ಬೇ. ನೀ ಅಂದದ್ದನ್ನೇ ಅಂದೆ.

ಆ ಚೀಲದಾಗ ಏನಿತ್ತಂತ ಈಗೂ ನನಗ ಸಂಶಯ ಅದ. ಮಾಳಿಂಗ ಗ್ವಾಡಿ ಆಚೇನೇ ಅದಾನ, ಕೇಳಬಹುದು. ದನಕ್ಕ ಹಾಕೋ ಹೊಟ್ಟು ಇತ್ತು ಅಂದಬಿಟ್ಟರ?