ಪಾಳಿಯ ಮಾತು ಯಾರದು

ಬನಹಟ್ಟಿ
11 ಆಗಸ್ಟ್ 2011, ಗುರುವಾರ

ಪ್ರೀತಿಯ ಮಗಳು ಮಾಯಾಗೆ ಅಪ್ಪನ ಆಶೀರ್ವಾದ.

ಇಚಲಕರಂಜಿಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲವಂತೆ, ನಿನಗೆ ಮೊದಲೇ ಥಂಡಿ ಆಗಿಬರುವುದಿಲ್ಲ. ಕೆಮ್ಮು ಹೇಗಿದೆ? ಅಳಿಯಂದಿರು, ಸ್ನೇಹಾ ಆರಾಮ ಇದ್ದಾರೆಂದು ತಿಳಿದುಕೊಂಡಿದ್ದೇನೆ. ನೀನು ತಿಳಿಸುವುದಿಲ್ಲ, ನಾನೇ ತಿಳಿದುಕೊಳ್ಳಬೇಕು. ನನಗೆ ಬಿಪಿ ಒಂದನ್ನು ಬಿಟ್ಟರೆ ಎಲ್ಲ ಛಲೋ. ಪವರ್‌ಲೂಮಿನ ಗದ್ದಲಕ್ಕೆ ಕಿವಿ ಅರ್ಧ ಹೋಗಿವೆ. ಮಾತಾಡಬೇಕಾದವರೇ ಮಾತಾಡದಿದ್ದಾಗ ಕಿವಿ ಇದ್ದರೂ ಅಷ್ಟೆ.

ಅವ್ವನ ದಿನಕರ್ಮ ಮುಗಿದ ಮರುದಿನ ಬಸ್ಸು ಹತ್ತುವಾಗ ನೀನು ಹೇಳಿದ್ದೆ: "ಆ ಮಾತು ಯಾರು ಹೇಳ್ಯಾರ, ಹೆಸರು ಹುಡುಕು. ಅಲ್ಲೀತನಕ ನನಗ ಕಾಗದಾ ಬರೀಬ್ಯಾಡ." ನಾಲ್ಕು ವರ್ಷ ನಾನು ಬರೆಯಲಿಲ್ಲ. ಈಗ ಹೆಸರು ಸಿಕ್ಕಿದೆ.

"ದಿ ಕ್ಯಾರೆಕ್ಟರ್ ಆಫ್ ಎ ನೇಶನ್ ಇಸ್ ಸೀನ್ ಇನ್ ಎ ಕ್ಯೂ." ಒಂದು ದೇಶದ ಗುಣ ಪಾಳಿಯಲ್ಲಿ ಕಾಣುತ್ತದೆ. ರೇಶನ್ ಅಂಗಡಿ, ಬಸ್ ಸ್ಟ್ಯಾಂಡು, ಸೊಸೈಟಿಯಲ್ಲಿ ನೂಲು ಹಂಚುವ ಜಾಗ, ಎಲ್ಲೇ ಯಾರಾದರೂ ನಡುವೆ ನುಗ್ಗಿದರೂ ಇದನ್ನು ಹೇಳುತ್ತಿದ್ದೆ. ಅರ್ಥವಾಗದಿದ್ದರೂ ಇಂಗ್ಲಿಷಿಗೆ ಅಂಜಿ ಜನ ಹಿಂದೆ ಸರಿಯುತ್ತಿದ್ದರು. ಒಮ್ಮೆ ಇಂಗ್ಲೆಂಡಿನ ಪ್ರಧಾನಿಯ ಮಾತು ಎನ್ನುತ್ತಿದ್ದೆ, ಮತ್ತೊಮ್ಮೆ ಅಮೆರಿಕದ ಅಧ್ಯಕ್ಷನದು. ನಿನ್ನ ಅವ್ವ ನಗುತ್ತಿದ್ದಳು: "ಅವರ ಊರಾಗೂ ರೇಶನ್ ಅಂಗಡಿ ಅದಾವೇನ್ರಿ?"

ಅವಳಿಗೆ ಎದೆ ಹಿಡಿದ ದಿನ ಆಸ್ಪತ್ರೆಯ ಚೀಟಿ ಪಾಳಿಯಲ್ಲಿ ನಲವತ್ತು ಜನರ ಹಿಂದೆ ನಿಂತೆವು. ನಮ್ಮ ಓಣಿಯ ಕಂಪೌಂಡರ್ ಧರೆಪ್ಪ ಬಂದು, "ಮಾಮಾ, ಕಾಕೂನ್ನ ಹಿಂದಿನ ಬಾಗಲದಿಂದ ಕರ್ಕೊಂಡ ಬರ್ರಿ" ಎಂದ. ನಾನು ಅವನಿಗೂ ಆ ಮಾತು ಹೇಳಿ ಕಳಿಸಿದೆ. ನಮ್ಮ ಪಾಳಿ ಬಂದಾಗ, ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಇಷ್ಟನ್ನು ಧರೆಪ್ಪನೇ ನಿನಗೆ ಹೇಳಿದ್ದಾನೆ.

ಹುಡುಕಲು ಮೊದಲು ಜಮಖಂಡಿಗೆ ಹೋದೆ, ನಾನು ಓದಿದ ಕಾಲೇಜಿಗೆ. ಲೈಬ್ರರಿಯಲ್ಲಿ ದೊಡ್ಡವರ ಮಾತುಗಳ ದಪ್ಪ ಪುಸ್ತಕ ಮೂರು ಇದ್ದವು. ಕ್ಯೂ ಶಬ್ದವನ್ನು ಕೆ ಅಕ್ಷರದಲ್ಲಿ ಹುಡುಕಿ ಅರ್ಧ ದಿನ ಕಳೆದೆ. ನನ್ನ ಇಂಗ್ಲಿಷು ಇಷ್ಟೇ ಉಳಿದಿದೆ. ಸರಿಯಾದ ಅಕ್ಷರದಲ್ಲೂ ಸಿಗಲಿಲ್ಲ. ಆಮೇಲೆ ಬೀಳಗಿ ಕಡೆಯ ಭೀಮಪ್ಪ ನೆನಪಾದ. ಕಾಲೇಜಿನಲ್ಲಿ ನನ್ನದೇ ಬೆಂಚು, ಪ್ರತಿ ನೋಟ್‌ಬುಕ್ಕಿಗೆ ರಟ್ಟು ಹಾಕಿ ಇಡುವವನು. ಡ್ಯಾಮಿನ ಹಿನ್ನೀರು ಅವನ ಊರನ್ನೇ ನುಂಗಿದೆ, ಈಗ ಪುನರ್ವಸತಿ ಕೇಂದ್ರದಲ್ಲಿದ್ದಾನೆ. ಅಲ್ಲಿಗೇ ಹೋಗಿ ಕೇಳಿದೆ. "ನೋಟ್ಸಿನ ಟ್ರಂಕು ಹಳೇ ಊರಾಗ ಉಳೀತಲೇ, ಈಗ ಮೀನ ಓದಾಕತ್ತಿರಬೇಕು" ಎಂದ. "ಪ್ಲಾಟ್ ಕೊಡೂ ಪಾಳ್ಯಾಗ ನಿಂತಾಗ ನಿನ್ನ ದೇಶದ ಗುಣಾ ನೋಡೇನಿ, ಮತ್ತ ನೆನಪ ಮಾಡಬ್ಯಾಡ." ಬೈದರೂ, ನಮಗೆ ಇಂಗ್ಲಿಷ್ ಕಲಿಸಿದ ಹಿಪ್ಪರಗಿ ಸರ್ ಇನ್ನೂ ಬದುಕಿದ್ದಾರೆಂದು ಅವನೇ ಹೇಳಿದ.

ಹೋದ ಸೋಮವಾರ ಮುಧೋಳ ಮುಟ್ಟಿ, ಅಲ್ಲಿಂದ ರನ್ನ ಬೆಳಗಲಿಗೆ ಹೋದೆ. ಸರ್ ಹೊರಸಿನ ಮೇಲೆ ಮಲಗಿದ್ದರು. ಕಣ್ಣು ಕಾಣುವುದಿಲ್ಲ, ಹೆಸರು ಹೇಳಿದರೂ ಗುರುತು ಹತ್ತಲಿಲ್ಲ. ಕ್ಲಾಸಿನಲ್ಲಿ ನಿಂತಂತೆ ಕೈ ಕಟ್ಟಿ ನಿಂತು ಆ ಸಾಲು ಹೇಳಿದೆ, ಇದು ಯಾವ ಮಹಾಪುರುಷನ ಮಾತು ಎಂದು ಕೇಳಿದೆ. ಬೊಚ್ಚು ಬಾಯಿ ತೆರೆದು ನಕ್ಕರು. "ಲೇ ತಮ್ಮಾ, ಯಾ ಮಹಾಪುರುಷನೂ ಅಲ್ಲ. ಟ್ರಾನ್ಸ್‌ಲೇಶನ್ ಪಿರಿಯಡ್ಡಿಗೆ ವಾಕ್ಯ ಬೇಕಾಗಿತ್ತು, ಬಸ್ಸಿನ್ಯಾಗ ಕೂತ ನಾನ ಬರಕೊಂಡ ಬಂದಿದ್ದೆ."

ಇಷ್ಟೇ, ಮಾಯಾ. ಪ್ರಧಾನಿಯೂ ಇಲ್ಲ, ಅಧ್ಯಕ್ಷನೂ ಇಲ್ಲ. ಪಿರಿಯಡ್ ತುಂಬಿಸಲು ಬಸ್ಸಿನಲ್ಲಿ ಗೀಚಿದ ಒಂದು ಸಾಲು. ಅದನ್ನು ನಲವತ್ತು ವರ್ಷ ತಲೆಯ ಮೇಲೆ ಹೊತ್ತು ತಿರುಗಿದೆ, ನಿನ್ನ ಅವ್ವನನ್ನೂ ಅದಕ್ಕೇ ಕೊಟ್ಟೆ. ನೀನು ಕೇಳಿದ್ದು ಹೆಸರು, ಕೊಟ್ಟಿದ್ದೇನೆ. ಇನ್ನಾದರೂ ಎರಡು ಸಾಲು ಬರೆ. ದೀಪಾವಳಿಗೆ ಸ್ನೇಹಾಳನ್ನಾದರೂ ಕಳಿಸು.

ಅಳಿಯಂದಿರಿಗೆ ಶರಣು, ಮೊಮ್ಮಗಳ ಕೆನ್ನೆಗೆ ಅಜ್ಜನ ಮುತ್ತು. ನೀನು ನೂರು ವರ್ಷ ಬಾಳು.

ನಿನ್ನ ಅಪ್ಪ,
ಬಸಗೊಂಡಪ್ಪ

ತಾ.ಕ.: ಟಪಾಲು ಡಬ್ಬಿಯವರೆಗೆ ಹೋಗಿ ಹಾಕದೆ ತಿರುಗಿ ಬಂದೆ. ಮೂರಕ್ಕೆ ಡಬ್ಬಿ ತೆಗೆಯುತ್ತಾರೆ, ಬೇಗ ಬರೆಯುತ್ತೇನೆ. ಸರ್ ಮತ್ತೂ ಒಂದು ಕೇಳಿದ್ದರು: "ಅರ್ಧಾನ ಹೇಳಿದೆಲ್ಲೋ, ಉಳದರ್ಧಾ ಎಲ್ಲಿ?" ಅವರೇ ಹೇಳಿದರು: "ದೇಶದ ಗುಣಾ ಪಾಳ್ಯಾಗ ಕಾಣತೈತಿ, ಯಾರನ್ನ ಮುಂದ ಬಿಡತಾರ ಅನ್ನೂದರಾಗ." ಧರೆಪ್ಪನಿಗೂ ಗೊತ್ತಿಲ್ಲದ್ದು ಕೇಳು. ಅವನು ಒಳಗೆ ಹೋದ ಮೇಲೆ, ಪಾಳಿಯಲ್ಲಿದ್ದ ಚಿಮ್ಮಡದ ಮುದುಕಿಯೊಬ್ಬಳು ನಿನ್ನ ಅವ್ವನ ಮುಖ ನೋಡಿ "ಯವ್ವಾ, ನೀ ಮುಂದ ನಡಿ" ಎಂದಳು. ನಲವತ್ತು ಜನರೂ ಗೋಡೆಗೆ ಸರಿದು ದಾರಿ ಬಿಟ್ಟರು. ನಿನ್ನ ಅವ್ವ ಎರಡು ಹೆಜ್ಜೆ ಇಟ್ಟಿದ್ದಳು. ನಾನು ಅವರಿಗೆಲ್ಲ ಕೇಳಿಸುವಂತೆ ಆ ಅರ್ಧ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ, ಸೆರಗು ಹಿಡಿದು ಅವಳನ್ನು ಹಿಂದಕ್ಕೆ ಎಳೆದೆ. ಜನ ಮತ್ತೆ ಪಾಳಿ ಕೂಡಿಸಿದರು.