ಲಾರಿ ಸ್ಟಾರ್ಟ್ ಆದ ದಿನ

ತ್ಯಾಗರಾಯನಗರ, ಮದರಾಸು
೧೪-೭-೧೯೫೭, ಭಾನುವಾರ

ಪ್ರೀತಿಯ ಅಪ್ಪಯ್ಯನಿಗೆ ಜಲಜಾ ಮಾಡುವ ನಮಸ್ಕಾರಗಳು.

ಕೆಮ್ಮು ಈಗ ಹೇಗಿದೆ? ಸಂಜೆಯ ಜ್ವರ ನಿಂತಿತೇ? ಆಸ್ಪತ್ರೆಯಲ್ಲಿ ಕೊಡುವ ಹಾಲನ್ನು ಪಕ್ಕದ ಮಂಚದವರಿಗೆ ಕೊಟ್ಟುಬಿಡುತ್ತೇನೆಂದು ಹೋದ ಸಲ ಬರೆದಿದ್ದಿರಿ. ಅಮ್ಮ ಅದನ್ನು ನನ್ನಿಂದ ಓದಿಸಿ ಕೇಳಿ, ಅಂದು ಊಟ ಬಿಟ್ಟಳು. ದಯವಿಟ್ಟು ನೀವೇ ಕುಡಿಯಿರಿ. ಮಾಂಬಲಂನಲ್ಲಿ ಎಲೆಕ್ಟ್ರಿಕ್ ರೈಲು ಹತ್ತಿದರೆ ತಾಂಬರಂ ಒಂದು ಗಂಟೆಯ ದಾರಿಯೂ ಅಲ್ಲ. ಆದರೂ ನಿಮ್ಮ ಮುಖ ನೋಡಿ ಒಂಬತ್ತು ತಿಂಗಳಾಯಿತು. ಕ್ಷಯದವನ ಹೆಂಡತಿ ಮಗಳು ಇಲ್ಲಿ ಹಿಟ್ಟು ರುಬ್ಬುತ್ತಾರೆಂದು ಗೊತ್ತಾದರೆ ಹೋಟೆಲಿಗೆ ನಾಯಿಯೂ ಬರುವುದಿಲ್ಲ ಎನ್ನುತ್ತಾರೆ ದೊಡ್ಡಪ್ಪ. ಗಿರಾಕಿಗಳ ಲೆಕ್ಕದಲ್ಲಿ ನೀವು ಕುಂದಾಪುರದಲ್ಲಿದ್ದೀರಿ. ಮೊನ್ನೆ ಒಬ್ಬರು, ರಘುರಾಮ ಯಾವಾಗ ಬರುವುದೆಂದು ನನ್ನನ್ನೇ ಕೇಳಿದರು. ಗದ್ದೆ ಕೆಲಸ ಮುಗಿದ ಮೇಲೆ ಎಂದೆ. ನಮಗೆ ಗದ್ದೆ ಎಲ್ಲಿದೆ ಅಪ್ಪಯ್ಯಾ.

ಈಗ ನಿಮ್ಮ ಲಾರಿಯ ಸುದ್ದಿ. ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ನೀವು ಹೋದ ಮೇಲೆ ಚಂದು ಓಡಿಸುತ್ತಿದ್ದನಲ್ಲ, ಹೋದ ತಿಂಗಳು ಕೊತ್ತವಾಲ್ ಚಾವಡಿಯಿಂದ ತರಕಾರಿ ತಂದು ಹಿತ್ತಿಲಲ್ಲಿ ನಿಲ್ಲಿಸಿದ. ಮರುದಿನ ಬೆಳಿಗ್ಗೆ ಸ್ಟಾರ್ಟರ್ ಒತ್ತಿದರೆ ಟಕ್ ಎಂದು ಒಂದೇ ಸದ್ದು, ಮತ್ತೆ ಮೌನ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದ. ಎಂಜಿನ್ ಒದ್ದು, ಹ್ಯಾಂಡಲ್ ಹಿಂದಕ್ಕೆ ತಿರುಗಿ ಅವನ ಮಣಿಕಟ್ಟು ಮುರಿಯಿತು. ಮೂಳೆ ಚರ್ಮದಿಂದ ಹೊರಗೆ ಬಂದದ್ದನ್ನು ನಾನೇ ಕಂಡೆ. ದೊಡ್ಡಪ್ಪ ಒಂದು ಪಂಚೆ ಹರಿದು ಕಟ್ಟಿಸಿ, "ಕೈ ಇಲ್ಲದವನಿಗೆ ಇಲ್ಲಿ ಎಂತ ಕೆಲಸ" ಎಂದು ಅದೇ ದಿನ ಊರಿಗೆ ಸಾಗಹಾಕಿದರು. ಮತ್ತೆ ಯಾರೂ ಹ್ಯಾಂಡಲ್ ಮುಟ್ಟಲಿಲ್ಲ. ಆಮೇಲೆ ಮೆಕ್ಯಾನಿಕ್ ಏಳುಮಲೈ ಬಂದ. ಏನನ್ನೂ ಬಿಚ್ಚಲಿಲ್ಲ. ಒಮ್ಮೆ ಒತ್ತಿ ನೋಡಿ, "ಮೋಟಾರ್ ಪೋಚ್ಚು" ಎಂದು ಕೈ ಒರೆಸಿಕೊಂಡು ಹೋದ. ಸತ್ತ ಲಾರಿಯನ್ನು ಯಾರೂ ಕೊಳ್ಳುವುದಿಲ್ಲವಾದ್ದರಿಂದ ಅದು ಹಿತ್ತಿಲಲ್ಲೇ ಉಳಿಯಿತು. ಕಟ್ಟಿಗೆ ಎತ್ತಿನ ಗಾಡಿಯಲ್ಲಿ ಬರತೊಡಗಿತು. ಗಾಡಿ ಬಂದಾಗಲೆಲ್ಲ ದೊಡ್ಡಪ್ಪ ಅಡುಗೆಮನೆಯ ಬಾಗಿಲಿಗೆ ಬಂದು, "ಗುಣವತೀ, ನಿನ್ನ ಗಂಡನ ಕಬ್ಬಿಣಕ್ಕೂ ನಾನೇ ಜಾಗ ಕೊಡಬೇಕು, ನಿಮಗೂ ನಾನೇ ಅನ್ನ ಹಾಕಬೇಕು" ಎನ್ನುತ್ತಿದ್ದರು. ಅಮ್ಮ ತಲೆ ಎತ್ತದೆ ರುಬ್ಬುತ್ತಿದ್ದಳು.

ಅದನ್ನು ಕೇಳಲಾರದೆ ಒಂದು ಮಧ್ಯಾಹ್ನ ನಾನೇ ನೋಡುತ್ತೇನೆಂದೆ. ಬಡಿಸುವವರೆಲ್ಲ ಇದ್ದರು. "ಕೇಳಿದ್ರಾ, ಹಿಟ್ಟು ರುಬ್ಬುವವಳು ಲಾರಿ ರಿಪೇರಿ ಮಾಡ್ತಾಳಂತೆ" ಎಂದು ದೊಡ್ಡಪ್ಪ ನಕ್ಕರು, ಎಲ್ಲರೂ ನಕ್ಕರು. ನಾನು ಚಿಕ್ಕವಳಿದ್ದಾಗ ಬಾನೆಟ್ ಎತ್ತಿ, "ಗಂಡು ಮಕ್ಕಳಿಲ್ಲದಿದ್ದರೆ ಏನಾಯ್ತು, ಸ್ಪ್ಯಾನರ್ ಹಿಡಿಯಲಿಕ್ಕೆ ನೀನಿದ್ದೀಯಲ್ಲ" ಎಂದು ನೀವು ಕಲಿಸಿದ್ದು ಅವರಿಗೇನು ಗೊತ್ತು. ನೀವು ಹೇಳಿದ ಹಾಗೆಯೇ ಮಾಡಿದೆ. ಮೊದಲು ದೀಪ ಹಾಕಿದೆ. ಗೋಡೆಯ ಮೇಲೆ ಬೆಳಕು ಚೆನ್ನಾಗಿ ಬಿತ್ತು, ಅಂದರೆ ಬ್ಯಾಟರಿಯಲ್ಲಿ ಜೀವವಿದೆ. ಅಮ್ಮನನ್ನು ಕರೆದು ಸ್ಟಾರ್ಟರ್ ಒತ್ತಿಸಿದೆ. ಅವಳು ಒತ್ತಿದ ಕೂಡಲೇ ದೀಪ ಕೆಂಪಗಾಗಿ ಆರಿಯೇಹೋಯಿತು, ಬಿಟ್ಟ ಕೂಡಲೇ ಮತ್ತೆ ಬಂತು. ಎಂಜಿನ್ ಬಿಗಿದಿದೆಯೋ ಎಂದು, ಕಿಡಿ ಹಾರದಂತೆ ಸ್ವಿಚ್ ಆರಿಸಿ, ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿದೆ. ಸಲೀಸಾಗಿ ತಿರುಗಿತು. ಹಾಗಾದರೆ ಕರೆಂಟು ದಾರಿಯಲ್ಲೆಲ್ಲೋ ಸಿಕ್ಕಿಹಾಕಿಕೊಂಡಿದೆ, ಸಿಕ್ಕಿದ ಕಡೆ ಬಿಸಿಯಾಗುತ್ತದೆ. ಅಮ್ಮನಿಂದ ನಾಲ್ಕೈದು ಸಲ ಒತ್ತಿಸಿ, ತಂತಿಗಳ ಕೊನೆಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದೆ. ಬ್ಯಾಟರಿಯ ಕಡೆ ತಣ್ಣಗಿತ್ತು, ಸ್ಟಾರ್ಟರಿನ ಕಡೆ ತಣ್ಣಗಿತ್ತು. ಬ್ಯಾಟರಿಯಿಂದ ಅಡಿಯ ಕಬ್ಬಿಣದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಕೊನೆ ಮಾತ್ರ ಬೆರಳು ಸುಟ್ಟಿತು. ಬೋಲ್ಟು ಬಿಚ್ಚಿದರೆ ಕೆಳಗೆ ಬರೀ ತುಕ್ಕು ಮತ್ತು ಎಣ್ಣೆಯ ಜಿಡ್ಡು. ಉಪ್ಪುಕಾಗದದಲ್ಲಿ ಉಜ್ಜಿ, ಕಬ್ಬಿಣ ಹೊಳೆಯುವ ತನಕ ಉಜ್ಜಿ, ಬಿಗಿದೆ. ಇಷ್ಟೇ. ಇಷ್ಟಕ್ಕೆ ಚಂದುವಿನ ಕೈ ಹೋಯಿತು.

ಎಂಜಿನ್ ಗುಡುಗಿದಾಗ ಅಮ್ಮ ಎಷ್ಟೋ ತಿಂಗಳ ಮೇಲೆ ನಕ್ಕಳು. ದೊಡ್ಡಪ್ಪ ಗಲ್ಲಾ ಬಿಟ್ಟು ಓಡಿಬಂದು ನನ್ನ ತಲೆ ಸವರಿ, "ಅಪ್ಪನ ಕೈಯೇ ಬಂದಿದೆ ಹೆಣ್ಣಿಗೆ" ಎಂದರು. ಹುಟ್ಟಿದಂದಿನಿಂದ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಇನ್ನು ಬೇರೆ ಡ್ರೈವರ್ ಬರುತ್ತಾನೆ, ನೀವು ಬರುವ ತನಕ ಲಾರಿ ಓಡಿಕೊಂಡಿರುತ್ತದೆ ಎಂದುಕೊಂಡು ನಾನು ಹುಚ್ಚಿಯ ಹಾಗೆ ಹಿಗ್ಗಿದೆ.

ಗುರುವಾರ ಸೇಲಂನ ಮಂಡಿ ಯಜಮಾನರೊಬ್ಬರು ಬಂದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು. ದೊಡ್ಡಪ್ಪ ನನ್ನನ್ನು ಕರೆದು ಸ್ಟಾರ್ಟ್ ಮಾಡಿ ತೋರಿಸು ಎಂದರು. ಮಾಡಿದೆ. ಇನ್ನೊಮ್ಮೆ ಎಂದರು, ಮಾಡಿದೆ. ನಾಲ್ಕನೆಯ ಸಲಕ್ಕೆ ನನಗೆ ಅರ್ಥವಾಯಿತು. ಇಳಿದು ಬಂದು, "ಇದು ಅಪ್ಪಯ್ಯನದ್ದಲ್ವಾ ದೊಡ್ಡಪ್ಪಾ" ಎಂದೆ. "ಕಾಗದ ಯಾರ ಹೆಸರಿನಲ್ಲಿದೆ, ಓದಲಿಕ್ಕೆ ಬರ್ತದಲ್ಲ ನಿಂಗೆ" ಎಂದರು. ಮಿಲಿಟರಿ ಹರಾಜಿನಲ್ಲಿ ನೀವು ಅದನ್ನು ಕೊಂಡಾಗ ಇಂಗ್ಲಿಷ್ ಬಾರದೆಂದು ಅವರಿಂದ ರುಜು ಹಾಕಿಸಿದಿರಂತೆ. ಅಣ್ಣನ ಹೆಸರಾದರೇನು, ನನ್ನ ಹೆಸರಾದರೇನು ಎಂದಿರಂತೆ. ಶುಕ್ರವಾರ ಬೆಳಿಗ್ಗೆ ಸೇಲಂನವರು ದುಡ್ಡು ಕೊಟ್ಟು ಲಾರಿ ಒಯ್ದರು. ಒಂದೇ ಒತ್ತಿಗೆ ಸ್ಟಾರ್ಟ್ ಆಯಿತು. ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಅದು ಬೀದಿ ತಿರುಗುವ ತನಕ ನೋಡಿ, "ಹಾಳಾಗಿ ಬಿದ್ದಿದ್ರೆ ನಮ್ಮದಾಗಿ ಉಳೀತಿತ್ತು" ಎಂದಳು. ಆಮೇಲೆ ನನ್ನೊಡನೆ ಮಾತಿಲ್ಲ. ಈ ಕಾಗದ ಬರೆಯಲು ಕೂತಾಗ ಮಾತ್ರ, "ಹಾಲು ಕುಡೀಲಿಕ್ಕೆ ಬರಿ" ಎಂದಳು. ನನ್ನಿಂದ ತಪ್ಪಾಯಿತು, ಅಪ್ಪಯ್ಯಾ. ನಿಮ್ಮದೆಂದು ಉಳಿದಿದ್ದ ಒಂದನ್ನು ನಾನೇ ಕೈಯಾರೆ ಕಳೆದೆ.

ಅಮ್ಮನ ನಮಸ್ಕಾರ. ಊರ ದೇವರು ನಿಮ್ಮ ಎದೆಗೆ ಬಲ ಕೊಡಲಿ.

ನಿಮ್ಮ ಮಗಳು
ಜಲಜಾ

ಮರೆತ ಮಾತು: ಮೇಲಿನದನ್ನು ಅಮ್ಮನಿಗೆ ಓದಿ ಹೇಳಿದ್ದೇನೆ. ಇದನ್ನು ಅಂಚೆಪೆಟ್ಟಿಗೆಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಅವಳಿಗೆ ಗೊತ್ತಿಲ್ಲ. ಓಡುವ ಲಾರಿಯನ್ನು ಯಾಕೆ ಮಾರುತ್ತೀರಿ ಎಂದು ಸೇಲಂನವರು ಕೇಳಿದಾಗ ನಾನು ಡ್ರೈವರ್ ಸೀಟಿನಲ್ಲಿದ್ದೆ. ಎಂಜಿನ್ ಸದ್ದಿಗೆ ನನಗೆ ಕೇಳುವುದಿಲ್ಲವೆಂದುಕೊಂಡು ದೊಡ್ಡಪ್ಪ ತಮಿಳಿನಲ್ಲಿ, ಓಡಿಸುತ್ತಿದ್ದ ತಮ್ಮ ಇನ್ನು ಬರುವುದಿಲ್ಲ, ಅವನು ದೀಪಾವಳಿ ಕಾಣುವುದಿಲ್ಲವೆಂದು ಡಾಕ್ಟರು ಯುಗಾದಿಗೇ ಹೇಳಿದ್ದಾರೆ ಎಂದರು. ನಿಮಗೆ ಹೇಳಿದ್ದಾರೋ ಇಲ್ಲವೋ ನನಗೆ ತಿಳಿಯದು. ಹೇಳಿರದಿದ್ದರೆ ಈ ಸುದ್ದಿಯೂ ನನ್ನ ಕೈಯಿಂದಲೇ ಬಂದಂತಾಯಿತು. ಬರುವ ಗುರುವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಬೇಡವೆಂದು ಬರೆಯಬೇಡಿ, ನಿಮ್ಮ ಕಾಗದ ಮೊದಲು ದೊಡ್ಡಪ್ಪನ ಕೈಗೆ ಹೋಗುತ್ತದೆ. ಮಂಚದಿಂದ ಎದ್ದು ಬಾಗಿಲಿಗೂ ಬರಬೇಡಿ, ನಾನೇ ಹುಡುಕಿಕೊಂಡು ಬರುತ್ತೇನೆ.